ಎಡಗೈ ತುತ್ತು

"ಹುಡುಗಿ ಜೀವಂತ ಅದಾಳ. ಫೈಲ್ ಮುಚ್ಚಿಬಿಡ್ರಿ," ಎನ್ನುತ್ತ ಇನ್‌ಸ್ಪೆಕ್ಟರ್ ಅಮರನಾಥ ಕಾರ್ಡನ್ನು ಮೇಜಿನ ಮೇಲೆ ತಳ್ಳಿದ.

ಎಎಸ್‌ಐ ಪುತಳಾಬಾಯಿ ಅದನ್ನು ಎತ್ತಿಕೊಳ್ಳದೆ ಬಗ್ಗಿ ನೋಡಿದಳು. ಅಂಗೈ ಅಗಲದ ದಪ್ಪ ಕಾಗದ. ವಿಳಾಸದ ಬದಿ ಮೇಲಿತ್ತು. ಅಂಚೆ ಚೀಟಿಯ ಮೇಲೆ ಕಮಲಾಪುರದ ಮುದ್ರೆ, ತಾರೀಕು ಮೂರು ದಿನದ ಹಿಂದಿನದು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಅಲ್ಫಿಯಾ ಮನೆಯಿಂದ ಹೊರಟು ಕಾಣೆಯಾಗಿ ಇವತ್ತಿಗೆ ಹನ್ನೆರಡು ದಿನ.

"ಅಕ್ಷರ ಅಕಿವೇ ಏನ್ರಿ?" ಎಂದು ಪುತಳಾಬಾಯಿ ಕೇಳಿದಳು.

"ನೂರಕ್ಕ ನೂರು," ಎಂದ ಎದುರು ಕುರ್ಚಿಯಲ್ಲಿದ್ದ ಆನಂದಕುಮಾರ. ಸೂಪರ್ ಮಾರ್ಕೆಟ್‌ನಲ್ಲಿ ಪುಸ್ತಕದಂಗಡಿ ಇಟ್ಟುಕೊಂಡು ಮಕ್ಕಳ ಪುಸ್ತಕ ಪ್ರಕಟಿಸುವ ಮನುಷ್ಯ. ಕಾರ್ಡು ಬಂದಿದ್ದೂ ಅವನ ವಿಳಾಸಕ್ಕೆ, ಬೆಳಿಗ್ಗೆ ಅಂಗಡಿ ತೆರೆಯದೆ ಠಾಣೆಗೆ ಓಡಿ ಬಂದವನೂ ಅವನೇ. "ಮೂರು ತಿಂಗಳಿಗೊಮ್ಮೆ ಅಕಿ ಕಾರ್ಡ್ ಕಳಸ್ತಾಳ್ರಿ. ಒಂದು ಬಾಜೂ ಹೊಸಾ ಚಿತ್ರ, ಇನ್ನೊಂದು ಬಾಜೂ ಹೆಸರು, ಫೋನ್ ನಂಬರು. ನನಗಷ್ಟೇ ಅಲ್ಲ, ಪುಸ್ತಕ ಮಾಡೋರಿಗೆ ಎಲ್ಲಾರಿಗೂ. 'ನಾನು ಇದ್ದೀನಿ, ಕೆಲಸ ಕೊಡ್ರಿ' ಅಂತ ನೆನಪು ಮಾಡಾಕ. ಚಿತ್ರ ಬರೆಯೋರೆಲ್ಲಾ ಹಿಂಗ ಮಾಡ್ತಾರ."

"ಕೇಳಿದ್ರಲ್ಲಾ?" ಎಂದ ಅಮರನಾಥ. "ಹುಡುಗಿ ಕಮಲಾಪುರದಾಗೆಲ್ಲೋ ಕುಂತು ಆರಾಮ ತನ್ನ ಧಂದೆ ಮಾಡಾಕತ್ತಾಳ. ಇಪ್ಪತ್ತಾರು ವರ್ಷದಾಕಿ, ಸಣ್ಣ ಕೂಸಲ್ಲ. ತನ್ನ ಮರ್ಜಿಲೇ ಹೋಗ್ಯಾಳ. ನಾವ್ಯಾಕ ನಡುವ?"

ಪುತಳಾಬಾಯಿಗೆ ಈ 'ನಾವ್ಯಾಕ ನಡುವ' ಎಂಬ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಆ ಮಾತಿನ ಕೆಳಗೆ ಹೂತುಹೋದ ಹೆಣ್ಣುಮಕ್ಕಳನ್ನು ಅವಳು ನೋಡಿದ್ದಾಳೆ. ಆದರೂ ಇವತ್ತು ಅವಳು ಬಾಯಿ ಬಿಗಿಹಿಡಿದಳು. ಕಾರಣ, ಬಾಗಿಲ ಪಕ್ಕದ ಬೆಂಚಿನ ಮೇಲೆ ಅಲ್ಫಿಯಾಳ ತಾಯಿ ಚಾಂದಬಿ ಕೂತಿದ್ದಳು. ಹನ್ನೆರಡು ದಿನದಲ್ಲಿ ಮೊದಲ ಸಲ ಆ ಮುಖದ ಮೇಲೆ ಜೀವಕಳೆ ಬಂದಿತ್ತು. ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಮತ್ತೆ ಒರೆಸಿಕೊಳ್ಳುತ್ತ ಇದ್ದಳು.

"ಸಾಬ್, ಒಂದ್ಸಲ ನನ್ನ ಕೈಯಾಗ ಕೊಡ್ರಿ," ಎಂದು ಚಾಂದಬಿ ಎದ್ದು ಬಂದಳು. "ನನ್ನ ಬೇಟಿ ಕೈ ಮುಟ್ಟಿದ್ದು. ನಾನೂ ಮುಟ್ತೀನಿ."

ಅಮರನಾಥ ಕೊಟ್ಟ. ಅವನು ಕೆಟ್ಟವನಲ್ಲ, ಸೋಮಾರಿ.

ಬೆಳಗಿನಿಂದ ಆ ಕಾರ್ಡು ನಾಲ್ಕು ಜನರ ಕೈ ಹಾಯ್ದಿತ್ತು. ನಾಲ್ವರೂ ನೋಡಿದ್ದು ವಿಳಾಸ, ಮುದ್ರೆ, ತಾರೀಕು. ಓದು ಬಂದವರ ಹಣೆಬರಹವೇ ಅಷ್ಟು, ಅಕ್ಷರ ಕಂಡರೆ ಬೇರೇನೂ ಕಾಣುವುದಿಲ್ಲ. ಚಾಂದಬಿಗೆ ಓದು ಬರುತ್ತಿರಲಿಲ್ಲ. ಅವಳು ಕಾರ್ಡನ್ನು ಕಣ್ಣಿಗೊತ್ತಿಕೊಂಡು ನೇರವಾಗಿ ಮಗುಚಿ ಚಿತ್ರ ನೋಡಿದಳು.

ನೋಡುತ್ತಲೇ ನಿಂತಳು. ಮುಖದ ಮೇಲಿದ್ದ ನಗು ಮೆಲ್ಲಗೆ ಇಳಿದುಹೋಯಿತು.

"ಏನಾತು ಆಪಾ?" ಎಂದು ಪುತಳಾಬಾಯಿ ಹತ್ತಿರ ಬಂದಳು.

"ಇದು ನನ್ನ ಮಗಳು ಕಳಿಸಿದ್ದಲ್ಲ."

ಚಿತ್ರದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಎದುರಿಗೊಂದು ಮೇಕೆ ಆಸೆಗಣ್ಣು ಬಿಟ್ಟು ನಿಂತಿತ್ತು. ಮುದ್ದಾದ ಚಿತ್ರ. ಪುತಳಾಬಾಯಿಗೆ ಅದರಲ್ಲೇನೂ ತಪ್ಪು ಕಾಣಲಿಲ್ಲ. ಚಾಂದಬಿ ಬೆರಳಿಟ್ಟು ತೋರಿಸಿದಳು.

"ಕೈ ನೋಡ್ರಿ ಬಾಯಿ. ಎಡಗೈ. ಕೂಸು ಎಡಗೈಲೇ ಉಣ್ಣಾಕತ್ತದ."

ಆನಂದಕುಮಾರ ಕುರ್ಚಿಯಿಂದ ಎದ್ದುಬಿಟ್ಟ. ಕಾರ್ಡನ್ನು ಇಸಿದುಕೊಂಡು ನೋಡಿ, ಹಣೆ ಒರೆಸಿಕೊಂಡ.

"ಹೌದಲ್ರಿ! ನಾನು ಚಿತ್ರದ ಕಡಿ ನೋಡೇ ಇಲ್ಲ."

"ಕೈ ಎಡಗೈ ಆದ್ರೇನು, ಬಲಗೈ ಆದ್ರೇನು?" ಎಂದ ಅಮರನಾಥ.

"ಹಂಗಲ್ರಿ ಸಾಹೇಬ್ರ. ಎರಡು ವರ್ಷದ ಹಿಂದ ನಾನೇ ಈ ತಪ್ಪು ಮಾಡಿದ್ದೆ. ಅಕಿ ಪುಸ್ತಕ ಕನ್ನಡದಾಗ ತೆಗೆದೆ, ಉರ್ದುನ್ಯಾಗೂ ತೆಗೆದೆ. ಕನ್ನಡ ಪುಸ್ತಕ ಎಡಗಡಿಂದ ಬಲಕ್ಕ ಓಡ್ತದ, ಹಂಗಾಗಿ ಚಿತ್ರದಾಗಿನ ಹುಡುಗಿ ಬಲಕ್ಕ ಮಾರಿ ಮಾಡಿರಬೇಕು. ಉರ್ದು ಪುಸ್ತಕ ಉಲ್ಟಾ, ಬಲದಿಂದ ಎಡಕ್ಕ. ಹುಡುಗಿ ಎಡಕ್ಕ ನೋಡಬೇಕು. ನಾನು ಕಂಪ್ಯೂಟರ್‌ನ್ಯಾಗ ಕನ್ನಡದ ಚಿತ್ರ ಹಂಗೇ ಕನ್ನಡಿಯಾಗ ಕಂಡಂಗ ಎಡ-ಬಲ ತಿರುವಿ ಉರ್ದುಕ್ಕ ಹಾಕಿದೆ. ಹುಡುಗಿ ಎಡಗೈಲೇ ಉಣ್ಣಾಕತ್ತಿದಳು!"

"ಗಲ್ಲಿ ಹೆಣ್ಣಮಕ್ಕಳು ಮನಿಗೆ ಬಂದು ಬೈದ್ರು," ಎಂದಳು ಚಾಂದಬಿ. "'ಕೂಸುಗಳಿಗೆ ಇದೇನು ಕಲಸ್ತೀರಿ' ಅಂತ. ಎರಡು ಸಾಲಿ ಪುಸ್ತಕ ವಾಪಸ್ ಕೊಟ್ಟವು. ಅಲ್ಫಿಯಾ ಎರಡು ದಿನ ಅತ್ತಳು. ಅವತ್ತಿಂದ ಪ್ರತಿ ಚಿತ್ರ ಎರಡು ಸಲ ಬರೀತಾಳ. ಕನ್ನಡಕ್ಕೊಂದು, ಉರ್ದುಕ್ಕೊಂದು. ಎರಡರಾಗೂ ಕೈ ಬಲಗೈ. ಉಸುರು ಬಿಟ್ಟಾಳು ಬಾಯಿ, ಆ ಕೈ ಬಿಡಾಂಗಿಲ್ಲ."

ಕಾರ್ಡು ಸುಳ್ಳಾದರೆ ಮಗಳು ಸುಖವಾಗಿದ್ದಾಳೆ ಎಂಬುದೂ ಸುಳ್ಳು. ಅದನ್ನು ಬಾಯಿಬಿಟ್ಟು ಹೇಳುವುದು ಯಾವ ತಾಯಿಗೂ ಬೇಡ. ಚಾಂದಬಿ ಹೇಳಿದ್ದಳು, ಹೇಳಿ ಬೆಂಚಿನ ಮೇಲೆ ಕುಸಿದು ಕೂತಿದ್ದಳು. ಪುತಳಾಬಾಯಿಗೆ ಆ ಹೆಂಗಸಿನ ಮೇಲೆ ಹುಟ್ಟಿದ ಗೌರವ ಅಷ್ಟಿಷ್ಟಲ್ಲ.

"ಎಡಗೈ ಅಂತ ಮ್ಯಾಲಿನವರಿಗೆ ಬರೀಲೇನು?" ಎಂದ ಅಮರನಾಥ. "ಐದು ಗಂಟೆಕ್ಕ ವರದಿ ಹೋಗಬೇಕು."

"ಐದರ ತನಕ ಟೈಮ್ ಕೊಡ್ರಿ ಸಾಹೇಬ್ರ. ಅಲ್ಲಿ ತನಕ ಮುಚ್ಚಬ್ಯಾಡ್ರಿ."

ಫೈಲು ಮುಚ್ಚಿದರೆ ಅಲ್ಫಿಯಾಳನ್ನು ಹುಡುಕಲು ಉಳಿಯುವುದು ಅವಳ ತಾಯಿ ಒಬ್ಬಳೇ. ಅಮರನಾಥ ಗಡಿಯಾರ ನೋಡಿ ಭುಜ ಕುಣಿಸಿದ. ಗಂಟೆ ಹತ್ತಾಗಿತ್ತು.

*

ಅಲ್ಫಿಯಾಳ ಕೋಣೆಯೆಂದರೆ ಕಿಟಕಿಯ ಕೆಳಗೊಂದು ಗಿಡ್ಡ ಮೇಜು, ಗೋಡೆಯ ತುಂಬ ಮೇಕೆ, ಕೋಳಿ, ಎರಡು ಜಡೆಯ ಹುಡುಗಿ. ಪುತಳಾಬಾಯಿ ಆ ಕೋಣೆಯನ್ನು ಈ ಮೊದಲೂ ಜಾಲಾಡಿದ್ದಳು. ಆಗ ಹುಡುಕಿದ್ದು ಪ್ರೇಮಪತ್ರ, ಗಂಡಸಿನ ಫೋಟೋ. ಪೊಲೀಸರಿಗೆ ಹೆಣ್ಣು ಕಾಣೆಯಾದರೆ ಬೇರೆ ಯೋಚನೆಯೇ ಹೊಳೆಯುವುದಿಲ್ಲ. ತಾನೂ ಹಾಗೇ ಮಾಡಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಈ ಸಲ ಕಾರ್ಡು ಇಡುವ ಡಬ್ಬಿ ತೆಗೆಸಿದಳು.

ಡಬ್ಬಿಯಲ್ಲಿ ಒಂದು ಕಟ್ಟು ಇತ್ತು. ನಲವತ್ತರಷ್ಟು ಕಾರ್ಡು, ಎಲ್ಲದರ ಮೇಲೂ ಉರ್ದುವಿನಲ್ಲಿ ವಿಳಾಸ. ಮಗುಚಿದರೆ ಹಿಂಬದಿ ಖಾಲಿ, ಚಿತ್ರವಿಲ್ಲ.

"ಮೊದಲು ವಿಳಾಸ ಬರೀತಾಳೇನು? ಚಿತ್ರ ಆಮ್ಯಾಲೇನು?"

"ಹೌದ್ರಿ. 'ಯಾರಿಗೆ ಹೋಗ್ತದ ಅಂತ ತಿಳಿದ ಮ್ಯಾಲೇ ಯಾವ ಚಿತ್ರ ಅಂತ ತಿಳೀತದ ಅಮ್ಮಿ' ಅಂತಿದ್ದಳು. ಒಂದು ವಾರ ಕುಂತು ವಿಳಾಸ ಬರೀತಾಳ. ಆಮ್ಯಾಲೆ ಕಟ್ಟು ಕಟ್ಟಿ ಪ್ರೆಸ್ಸಿಗೆ ಒಯ್ತಾಳ, ಅಲ್ಲಿ ಚಿತ್ರ ಹೊಡಸ್ತಾಳ."

"ಕನ್ನಡದ ಕಟ್ಟು ಎಲ್ಲದ?"

ಚಾಂದಬಿಯ ಕೈ ಡಬ್ಬಿಯ ಮುಚ್ಚಳದ ಮೇಲೇ ನಿಂತಿತು. "ಅವತ್ತ ಅದನ್ನೇ ತೊಗೊಂಡು ಹೋಗಿದ್ದಳು."

ಅಂದಮೇಲೆ ಅಕ್ಷರ ಅಲ್ಫಿಯಾಳದೇ ಎಂಬುದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಅವಳು ಕಾಣೆಯಾಗುವ ಮೊದಲೇ ಬರೆದಿಟ್ಟ ವಿಳಾಸಗಳು ಅವು. ಅವಳ ಜೊತೆಗೆ ಕಟ್ಟೂ ಯಾರದೋ ಕೈ ಸೇರಿದೆ. ಆ ಯಾರೋ ಅದರ ಮೇಲೆ ಚಿತ್ರ ಹೊಡೆಸಿ, ಅವಳ ಹೆಸರಿನಲ್ಲಿ ಊರಿಗೆಲ್ಲ ಹಂಚಿದ್ದಾರೆ.

"ಯಾವ ಪ್ರೆಸ್ಸು ಆಪಾ?"

"ನಂದೂರದಾಗ. ಮಜರ್ ಅಂತ. ನಮ್ಮ ದೂರದ ಪೈಕಿನೇ."

*

ನಂದೂರದಲ್ಲಿ ಆಟೋ ಇಳಿದಾಗ ಗಾಳಿಯಲ್ಲೆಲ್ಲ ತೊಗರಿಯ ಧೂಳು. ಎರಡು ದಾಲ್ ಮಿಲ್ಲುಗಳ ನಡುವೆ ಸಿಕ್ಕಿಕೊಂಡ ತಗಡಿನ ಶೆಡ್ಡಿನಲ್ಲಿ ಮಜರ್ ಲಗ್ನಪತ್ರಿಕೆ ಒಣಗಲು ಹರಡುತ್ತಿದ್ದ. ಬೆಳಿಗ್ಗೆ ಸಾದಾ ಸೀರೆಯಲ್ಲೇ ಡ್ಯೂಟಿಗೆ ಬಂದಿದ್ದ ಪುತಳಾಬಾಯಿ ಗುರುತಿನ ಚೀಟಿ ತೋರಿಸಿದಳು. ಅವನ ಕೈಯಲ್ಲಿದ್ದ ಪತ್ರಿಕೆಗಳು ಜಾರಿ ಬಿದ್ದವು.

"ಈ ಕಾರ್ಡ್ ನೀ ಹೊಡದಿದ್ದೇನು?"

"ಹೌದ್ರಿ ಮೇಡಂ. ಹೋದ ವಾರ."

"ಅಲ್ಫಿಯಾ ಕಾಣೆ ಆಗಿದ್ದು ಗೊತ್ತಿರಲಿಲ್ಲೇನು ನಿನಗ?"

"ಗೊತ್ತಿತ್ರಿ. ಅದಕ್ಕೇ ಖುಷಿ ಆತು. ಕಾರ್ಡ್ ಹೊಡಸಾಕ ಕಳಿಸ್ಯಾಳ ಅಂದ್ರ ಎಲ್ಲೋ ಚಲೋ ಅದಾಳ ಅಂತ ತಿಳಕೊಂಡೆ. ಕಟ್ಟು ತಂದವರೂ ಸಣ್ಣ ಮನುಷ್ಯ ಅಲ್ರಿ." ಮಜರ್ ದನಿ ತಗ್ಗಿಸಿದ. "ಮಹಾದೇವ ಮಾಸ್ತರು. ಕಮಲಾಪುರದ ಡ್ರಾಯಿಂಗ್ ಮಾಸ್ತರು. ಅಲ್ಫಿಯಾನ ಗುರುಗಳು."

ಪುತಳಾಬಾಯಿಗೂ ಆ ಹೆಸರು ಗೊತ್ತಿತ್ತು. ಅಲ್ಫಿಯಾಳ ಗುರುಗಳಷ್ಟೇ ಅಲ್ಲ. ಕಮಲಾಪುರದ ಸಾಲೆಯಲ್ಲಿ ಪುತಳಾಬಾಯಿಗೂ ಅವರೇ ಚಿತ್ರ ಕಲಿಸಿದ್ದು. ಅಪ್ಪ ಸಾಲೆ ಬಿಡಿಸಲು ಹೊರಟಾಗ ಮನೆಗೆ ಬಂದು ಜಗಳಾಡಿ ಉಳಿಸಿದ್ದು ಅವರೇ.

"ಚಿತ್ರ ಯಾರು ತಂದ್ರು?"

"ಪೆನ್‌ಡ್ರೈವ್ ತಂದಿದ್ರು. ಅಲ್ಫಿಯಾಂದೇ. ಅದರಾಗ ಎರಡೂ ಚಿತ್ರ ಇದ್ದವು, ಕನ್ನಡದ್ದು, ಉರ್ದುದ್ದು. ನಾನು ಕನ್ನಡದ್ದು ತೆಗೆದೆ. ಮಾಸ್ತರು ಬ್ಯಾಡ ಅಂದ್ರು. ಉರ್ದುದ್ದು ತೆಗಿ, ತಿರುವಿ ಹೊಡಿ ಅಂದ್ರು."

"ಕನ್ನಡದ್ದು ಬಾಜೂಕ್ಕೇ ಇತ್ತೇನು?"

"ಅಲ್ಲೇ ಇತ್ರಿ! 'ಸರ್, ತಿರುವಿದ್ರ ಕೈ ಉಲ್ಟಾ ಆಗ್ತದ' ಅಂತನೂ ಹೇಳಿದೆ. ನನ್ನ ಮಾರಿ ನೋಡಲಿಲ್ಲ ಅವರು. 'ಇರಲಿ ಬಿಡೋ, ಹಂಗೇ ಹೊಡಿ' ಅಂದ್ರು."

ಪುತಳಾಬಾಯಿ ಅಲ್ಲಿಂದ ನೇರವಾಗಿ ಬಸ್ ಸ್ಟ್ಯಾಂಡಿಗೆ ಹೋಗಿ ಹುಮನಾಬಾದ್ ಕಡೆಯ ಬಸ್ಸು ಹತ್ತಿದಳು. ಅಮರನಾಥನಿಗೆ ಹೇಳಲಿಲ್ಲ. ಹೇಳಿದ್ದರೆ ಜೀಪು, ಪೇದೆ, ಗಲಾಟೆ. ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಒಂದನ್ನೇ ಯೋಚಿಸಿದಳು. ಅಲ್ಫಿಯಾಳ ಪೆನ್‌ಡ್ರೈವ್, ಅಲ್ಫಿಯಾಳ ಕಟ್ಟು, ಎರಡೂ ಮಾಸ್ತರ ಕೈಯಲ್ಲಿ. ಬೇರೆ ಯಾರಾದರೂ ಆಗಿದ್ದರೆ ಇಷ್ಟೊತ್ತಿಗೆ ಕೈಕೋಳ ತೆಗೆಯುತ್ತಿದ್ದಳು. ಮಾಸ್ತರ ವಿಷಯಕ್ಕೆ ಮನಸ್ಸು ಒಪ್ಪದೆ ರಚ್ಚೆ ಹಿಡಿದಿತ್ತು.

*

ಮಹಾದೇವ ಮಾಸ್ತರ ಮನೆ ಕಮಲಾಪುರದ ಅಂಚಿಗಿತ್ತು. ಹಿತ್ತಲ ಬಾಗಿಲು ತೆರೆದರೆ ಕೆಂಪು ಬಾಳೆಯ ತೋಟ. ಎಪ್ಪತ್ತು ಮುಟ್ಟುತ್ತಿದ್ದ ಮಾಸ್ತರು ಪಡಸಾಲೆಯಲ್ಲಿ ಟೆಲಿಫೋನಿನ ಪಕ್ಕ ಕೂತಿದ್ದರು. ಗೋಡೆಯಿಂದ ತಂತಿ ಬಂದ, ಗುಂಡಿಗಳ ಫೋನು. ಶಿಷ್ಯೆಯನ್ನು ನೋಡಿ ಎದ್ದರು, ಆದರೆ ನಗಲಿಲ್ಲ.

"ಬಾರವಾ ಪುತಳಾ. ಯಾವಾಗ ಬಂದಿ?"

"ಈಗ ಬಂದೀನ್ರಿ ಸರ್. ಕೂಡ್ರಿ. ಚಾ ಏನೂ ಬ್ಯಾಡ."

ಕಾರ್ಡನ್ನು ಅವರ ಮುಂದೆ ಇಟ್ಟಳು, ಚಿತ್ರ ಮೇಲೆ ಮಾಡಿ. ಮಾಸ್ತರು ಅದರ ಕಡೆ ನೋಡದೆ ತೋಟದ ಕಡೆ ನೋಡಿದರು.

"ಇದನ್ನ ಹೊಡಸಿದವರು ನೀವು. ಅಂಚೆಗೆ ಹಾಕಿದವರು ನೀವು. ಹೌದಲ್ರಿ?"

"ಅಲ್ಫಿಯಾ ಹೇಳಿ ಕಳಿಸಿದ್ದಳವ್ವಾ. ಕಟ್ಟು ಯಾರೋ ತಂದು ಕೊಟ್ರು."

"ಯಾರು?"

"ಗುರುತಿಲ್ಲ."

"ಕೈ ಎಡಗೈ ಯಾಕ ಆತ್ರಿ ಸರ್?"

"ವಯಸ್ಸಾತು. ಕಣ್ಣು ಕಾಣೂದಿಲ್ಲ. ತಪ್ಪಾಗ್ಯಾದ."

ಪುತಳಾಬಾಯಿ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಈ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದನ್ನು ಕಂಡು ಅವಳಿಗೆ ಸಮಾಧಾನವೂ ಆಯಿತು, ಹೆದರಿಕೆಯೂ ಆಯಿತು.

"ನಾನು ಐದನೇತ್ತದಾಗ ಇದ್ದಾಗ ಬಸವಣ್ಣನ ಚಿತ್ರ ಬರದು, ಕೊಂಬು ಒಂದು ದೊಡ್ಡದು, ಒಂದು ಸಣ್ಣದು ಮಾಡಿದ್ದೆ. ಇಡೀ ತರಗತಿ ಮುಂದ ನನ್ನ ಮೂರು ಸಲ ಬರಸಿದ್ರಿ ನೀವು. 'ಚಿತ್ರ ನೋಡೋ ಕೂಸು ಅದನ್ನ ಖರೇ ಅಂತ ನಂಬ್ತದ' ಅಂದ್ರಿ. ಅಂಥಾ ನೀವು, ಮಜರ್ ಬಾಯಿಬಿಟ್ಟು ಹೇಳಿದ ಮ್ಯಾಲೂ, ಸರಿ ಚಿತ್ರ ಕಣ್ಣ ಮುಂದಿದ್ದರೂ, ತಪ್ಪಿದ್ದನ್ನೇ ಹೊಡಸಿದ್ರಿ. ಇದು ತಪ್ಪಲ್ಲ ಸರ್. ಬೇಕಂತಲೇ ಮಾಡಿದ್ದು. ಯಾರಿಗಿತ್ರಿ ಅದು? ಯಾರು ನೋಡ್ಲಿ ಅಂತ?"

ಆ ಮುದುಕರು ಸಣ್ಣ ಹುಡುಗನಂತೆ ಅತ್ತುಬಿಟ್ಟರು.

"ಯಾರಾದ್ರೂ ನೋಡ್ಲಿ ಅಂತವ್ವಾ," ಎಂದರು. "ಯಾರಾದ್ರೂ. ಒಂದು ಅಕ್ಷರ ಹೆಚ್ಚು ಬರೆದ್ರ ಅವನಿಗೆ ಗೊತ್ತಾಗ್ತದ. ಚಿತ್ರ ಮಾತ್ರ ಅವನಿಗೆ ತಿಳಿಯೂದಿಲ್ಲ. ಹುಡುಗಿ ಬಲಕ್ಕ ಮಾರಿ ಮಾಡ್ಯಾಳ, ಮೇಕಿ ಅದ, ರೊಟ್ಟಿ ಅದ, ಅಷ್ಟೇ ನೋಡಿದ. ಅಲ್ಫಿಯಾನ ಬಲ್ಲವರು ಒಬ್ಬರಾದ್ರೂ ಆ ಕೈ ನೋಡಿ ನಿಲ್ಲಲಿ ಅಂತ ಹಂಗ ಮಾಡಿದೆ."

"ಅಕಿ ತಾಯಿ ನೋಡ್ಯಾಳ್ರಿ. ಈಗ ಹೇಳ್ರಿ, ಅವನು ಅಂದ್ರ ಯಾರು?"

"ಮಾರಿ ನೋಡಿಲ್ಲವ್ವಾ, ದೇವರಾಣಿ." ಅವರು ಟೆಲಿಫೋನಿನ ಕಡೆ ಕೈ ಮಾಡಿದರು. "ಇದರಾಗ ಬರ್ತಾನ. ಮೊದಲನೇ ದಿನ ಅಲ್ಫಿಯಾನ ಕೈಯಾಗ ಫೋನ್ ಕೊಟ್ಟ. 'ಸರ್, ಇವರು ಹೇಳಿದಂಗ ಮಾಡ್ರಿ' ಅಂದಳು. ಮರುದಿನ ಹಿತ್ತಲ ಗ್ವಾಡಿ ಮ್ಯಾಲ ಕಟ್ಟು ಇತ್ತು, ಪೆನ್‌ಡ್ರೈವೂ ಇತ್ತು. ಚಿತ್ರ ಹೊಡಸಿ ತಂದು ಮತ್ತ ಅಲ್ಲೇ ಇಟ್ಟೆ. ಒಂದೊಂದು ಕಾರ್ಡ್ ನೋಡಿ, ತಿರುಗಿ ಅಲ್ಲೇ ಇಟ್ಟು ಹೋಗಿದ್ದ. ಆಮ್ಯಾಲೆ ಅಂಚೆಗೆ ಹಾಕು ಅಂದ."

"ನಮಗ ಒಂದು ಮಾತು ಹೇಳಬಾರದೇನ್ರಿ ಸರ್!"

"ಹೇಳಿದ್ರ ಕೊಲ್ತೀನಿ ಅಂದ. ದಿನಾ ಮಧ್ಯಾಹ್ನ ಮೂರಕ್ಕ ಅಕಿ ಕಡಿಂದ ಒಂದು ಮಾತು ಆಡಸ್ತಾನ. 'ಸರ್, ನಾನು ಅಲ್ಫಿಯಾ' ಅಂತಾಳ, ಕಟ್ ಆಗ್ತದ. ಆ ಒಂದು ಮಾತಿಗಾಗಿ ಹನ್ನೊಂದು ದಿನದಿಂದ ಇಲ್ಲೇ ಕುಂತೀನಿ. ನಾನು ಹೇಡಿ ಪುತಳಾ. ಬೈ ನನಗ, ಬೈದ್ರ ಹಗುರಾಗ್ತದ."

ಬೈಯಲು ಅವಳಿಗೆ ಮನಸ್ಸಾಗಲಿಲ್ಲ. ಹುಡುಗಿ ಬದುಕಿದ್ದಾಳೆ. ನಿನ್ನೆ ಮೂರು ಗಂಟೆಯವರೆಗೆ ಬದುಕಿದ್ದಳು. ಆ ಸುದ್ದಿಯೊಂದೇ ಅವಳ ಎದೆಯಲ್ಲಿ ಬಡಿಯುತ್ತಿತ್ತು.

"ಅಕಿ ಕಡಿಂದ ಅವನಿಗೇನು ಬೇಕಾಗ್ಯಾದ್ರಿ?"

"ಬ್ಯಾಸಗ್ಯಾಗ ಅಕಿ ಒಂದು ಕಾರ್ಡ್ ಕಳಿಸಿದ್ದಳು. ನಮ್ಮೂರ ಸಂತಿ ಚಿತ್ರ ಇತ್ತು. ಅದು ಯಾರ್‍ಯಾರಿಗೆ ಹೋಗ್ಯಾದ, ಎಲ್ಲಾ ಹೆಸರು ಬೇಕಂತ. ಅವನ್ನೆಲ್ಲಾ ವಾಪಸ್ ತರಸ್ತಾನಂತ."

"ಸಂತಿ ಚಿತ್ರದಾಗ ಏನದ ಅಂಥಾದ್ದು?"

"ಅಲ್ಫಿಯಾ ಕುಂತು ನೋಡಿ ಬರೆಯೋ ಹುಡುಗಿ. ಮನಸ್ಸಿಂದ ಹುಟ್ಟಿಸಿ ಮಂದಿ ಬರೆಯೂದಿಲ್ಲ. ಕಾಯಿಪಲ್ಲೆ ಮಾರೋರು, ತೊಗೊಳ್ಳೋರು, ಹಿಂದ ಮರೆಯಾಗ ನಿಂತವರು, ಎಲ್ಲಾರ ಮಾರಿನೂ ಇದ್ದದ್ದು ಇದ್ದಂಗ ತೆಗೀತಾಳ. ನಾನೇ ಕಲಿಸಿದ್ದು." ಮಾಸ್ತರು ಅಂಗೈಯಿಂದ ಮುಖ ಒರೆಸಿಕೊಂಡರು. "ಯಾರೋ ಅವತ್ತ ಆ ಸಂತ್ಯಾಗ ಇರಬಾರದಾಗಿತ್ತು. ಇದ್ದ. ಅಕಿ ಅವನ್ನೂ ಬರದುಬಿಟ್ಟಾಳ."

ಆ ಕಾರ್ಡು ಆನಂದಕುಮಾರನ ಅಂಗಡಿಯಲ್ಲಿ ಇರಲೇಬೇಕು ಎಂದು ಪುತಳಾಬಾಯಿ ಲೆಕ್ಕ ಹಾಕುತ್ತಿದ್ದಳು. ಅಷ್ಟರಲ್ಲಿ ಟೆಲಿಫೋನು ಬಡಿದುಕೊಂಡಿತು.

ಇಬ್ಬರೂ ಗೋಡೆಯ ಗಡಿಯಾರ ನೋಡಿದರು. ಎರಡೂವರೆ.

"ಮೂರಕ್ಕ ಬರೋದು," ಎಂದು ಮಾಸ್ತರು ಪಿಸುಗುಟ್ಟಿದರು. "ಯಾವತ್ತೂ ಮೂರಕ್ಕೇ ಬರೋದು."

"ಎತ್ರಿ. ಸ್ಪೀಕರ್ ಗುಂಡಿ ಒತ್ರಿ."

ಮಾಸ್ತರು ಒತ್ತಿದರು. ಗರಗರ ಸದ್ದು. ಆಮೇಲೆ ಒಂದು ಹೆಣ್ಣುದನಿ, ಒಣಗಿದ ಗಂಟಲಿನದು.

"ಸರ್, ನಾನು ಅಲ್ಫಿಯಾ."

"ಹೇಳವ್ವಾ."

"ಸರ್, ನಿಮ್ಮ ಮುಂದ ಪುತಳಾಬಾಯಿ ಅಂತ ಒಬ್ಬರು ಕುಂತಾರಂತ. ಅವರ ಜೋಡಿ ಮಾತಾಡಬೇಕಂತ."

ಪುತಳಾಬಾಯಿ ಬಂದದ್ದು ಅವನಿಗೆ ಹೇಗೆ ಗೊತ್ತಾಯಿತು? ಖಾಕಿ ಹಾಕಿಲ್ಲ, ಜೀಪು ತಂದಿಲ್ಲ, ಯಾರಿಗೂ ಹೇಳಿ ಬಂದಿಲ್ಲ. ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ. ಬೆನ್ನ ಹಿಂದೆ ಹಿತ್ತಲ ಬಾಗಿಲು ಹಾರು ಹೊಡೆದಿತ್ತು, ತೋಟದಲ್ಲಿ ಬಾಳೆಯ ಎಲೆಗಳು ಸರಸರ ಎನ್ನುತ್ತಿದ್ದವು.

"ನಾನೇ ಪುತಳಾಬಾಯಿ. ಹೆದರಬ್ಯಾಡ ಬೇಟಾ. ಎಲ್ಲಿದ್ದಿ ನೀ?"

ಬಂದ ಮಾತು ಕಾಗದ ನೋಡಿ ಓದಿದ ಹಾಗಿತ್ತು.

"ನಿಮ್ಮ ಮೊಬೈಲ್‌ನಿಂದ ನಮ್ಮ ಅಮ್ಮಿಗೆ ಫೋನ್ ಹಚ್ಚಬೇಕಂತ. ಈಗಲೇ. ಇಲ್ಲಿ ಇವರಿಗೂ ಕೇಳಂಗ. ನೀವು ನನ್ನ ಕಣ್ಣಾರೆ ನೋಡೀರಿ, ನಾ ಚಲೋ ಇದ್ದೀನಿ, ನನ್ನ ಮರ್ಜಿಲೇ ಬಂದೀನಿ, ಕಾರ್ಡ್ ನಾನೇ ಕಳಿಸೀನಿ, ಹಿಂಗ ಹೇಳಬೇಕಂತ. ಕೇಸ್ ವಾಪಸ್ ತೊಗೊಳ್ತೀನಿ ಅಂತ ಅಮ್ಮಿ ಬಾಯಿಲೇ ಅನಸಬೇಕಂತ."

"ಇಲ್ಲಂದ್ರ?"

"ಇಲ್ಲಂದ್ರ ನಾಳೆ ಸರ್‌ಗೆ ಫೋನ್ ಬರೂದಿಲ್ಲಂತ."

ಮಾಸ್ತರು ಎರಡೂ ಕೈ ಜೋಡಿಸಿ ಪುತಳಾಬಾಯಿಯ ಕಡೆ ನೋಡಿದರು. ಅವಳು ಮೊಬೈಲ್ ತೆಗೆದಳು. ಒಂದು ಸುಳ್ಳು, ಅಷ್ಟೇ. ಹುಡುಗಿಗೆ ಇನ್ನೊಂದು ದಿನ ಸಿಗುತ್ತದೆ. ಆದರೆ ಕೇಸು ಹಿಂತೆಗೆದುಕೊಂಡ ಮೇಲೆ ಆ ದಿನಕ್ಕೆ ಅವನಿಗೇನು ಬೆಲೆ, ಹುಡುಗಿಯನ್ನು ಉಳಿಸಿಕೊಂಡು ಅವನಿಗೇನು ಆಗಬೇಕು? ಹೇಳಿದರೂ ಸಾವು, ಹೇಳದಿದ್ದರೂ ಸಾವು. ಅವಳ ಬೆರಳು ಚಾಂದಬಿಯ ಹೆಸರಿನ ಮೇಲೆ ಬಿತ್ತು, ಆಮೇಲೆ ಸ್ಪೀಕರ್ ಮೇಲೆ.

ಪೂರ್ತಿ ಒಂದು ರಿಂಗೂ ಆಗಲಿಲ್ಲ. ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದಳೋ ಏನೋ.

"ಬಾಯಿ!" ಚಾಂದಬಿಯ ದನಿ ಪಡಸಾಲೆಯಲ್ಲೆಲ್ಲ ತುಂಬಿತು. "ಸಿಕ್ಕಳೇನ್ರಿ ನನ್ನ ಮಗಳು? ಅಳ್ತೀನಂತ ಮುಚ್ಚಿಡಬ್ಯಾಡ್ರಿ. ಏನಿದ್ರೂ ಖರೇ ಹೇಳ್ರಿ. ಎಲ್ಲಾರೂ ನನಗ ಸಮಾಧಾನ ಹೇಳ್ತಾರ, ಖರೇ ಹೇಳೋರು ನೀವೊಬ್ಬರೇ."

ಪುತಳಾಬಾಯಿ ಬಾಯಿ ತೆರೆದಳು.

ಟೆಲಿಫೋನಿನಿಂದ ಉಸಿರು ಸಿಕ್ಕಿಹಾಕಿಕೊಂಡ ಸದ್ದು ಬಂತು. ಹನ್ನೆರಡು ದಿನದ ಮೇಲೆ ತಾಯಿಯ ದನಿ ಕೇಳಿದ ಮಗಳು ತಡೆದುಕೊಂಡಳು, ತಡೆದುಕೊಂಡಳು, ಆಮೇಲೆ ಅವಳಿಗೆ ಆಗಲಿಲ್ಲ.

"ಅಮ್ಮೀ!"

ಆ ಕೂಗು ಫೋನಿನಿಂದ ಬಂತು. ಅದೇ ಕೂಗು ಹಿತ್ತಲ ಬಾಗಿಲಿನಿಂದಲೂ ಬಂತು, ತೋಟದ ಒಳಗಿನಿಂದ, ಬರಿಗಿವಿಗೆ ಕೇಳುವಷ್ಟು ಹತ್ತಿರದಿಂದ.

ಫೋನು ಕಟ್ಟಾಯಿತು. ತೋಟವೂ ಗಪ್ಪಾಯಿತು.

ಪುತಳಾಬಾಯಿ ಮೊಬೈಲನ್ನು ಮೇಜಿನ ಮೇಲೆ ಒಗೆದು, ಹಿತ್ತಲ ಗೋಡೆ ಹಾರಿ, ಬಾಳೆಯ ಸಾಲುಗಳ ನಡುವೆ ಓಡುತ್ತಿದ್ದಳು. ಹಿಂದೆ ಪಡಸಾಲೆಯಲ್ಲಿ ಚಾಂದಬಿ ಕೇಳುತ್ತಲೇ ಇದ್ದಳು.

"ಅದು ನನ್ನ ಅಲ್ಫಿಯಾನ ದನಿ ಅಲ್ಲೇನ್ರಿ? ಬಾಯಿ? ಯಾಕ ಸುಮ್ಮನಾದಳು? ಯಾರಾದ್ರೂ ಹೇಳ್ರಿ, ನನ್ನ ಮಗಳು ಯಾಕ ಸುಮ್ಮನಾದಳು?"